ಗುಡಿಗೆ ಕೊಟ್ಟ ಕರೆಂಟು

ಅಟ್ಟೂರಿನ ನಮ್ಮ ಬೀದಿಯಲ್ಲಿ ಯಾರ ಮನೆಗೆ ಕಾಲಿಟ್ಟರೂ ಮುನಿಕೆಂಪಮ್ಮನವರ ಕಣ್ಣು ಮೊದಲು ಹೋಗುವುದು ಸ್ವಿಚ್ ಬೋರ್ಡಿನ ಕಡೆಗೆ. ಹಗಲಿನಲ್ಲಿ ದೀಪ ಉರಿಯುತ್ತಿದ್ದರೆ ಯಾರನ್ನೂ ಕೇಳದೆ ಆರಿಸಿ, ಅನಂತರವೇ ಕುಳಿತುಕೊಳ್ಳುವರು. ಒಮ್ಮೆ ನಮ್ಮ ಮನೆಗೆ ಕರಿಬೇವು ಕೊಡಲು ಬಂದವರು, ಪತ್ರಿಕೆ ಓದುತ್ತಿದ್ದ ನನ್ನ ತಲೆಯ ಮೇಲಿನ ಫ್ಯಾನನ್ನು ನಿಲ್ಲಿಸಿ, ಕಿಟಕಿಯ ಎರಡೂ ಕದಗಳನ್ನು ತೆರೆದು ಹೊರಟುಹೋದರು. ಗಾಳಿ ಚೆನ್ನಾಗಿಯೇ ಬಂದಿತು. ಆದುದರಿಂದ ನಾನು ಪತ್ರಿಕೆ ಓದುವುದನ್ನು ಮುಂದುವರಿಸಿದೆ. ಬೀದಿಯ ಮಕ್ಕಳು ಅವರಿಗೆ ‘ಆಫ್ ಅಜ್ಜಿ’ ಎಂದು ಹೆಸರಿಟ್ಟಿದ್ದಾರೆ. ಅದಕ್ಕೆ ಅವರಿಗೆ ಬೇಸರವಿಲ್ಲ. ಹೆಸರು ಸರಿಯಾಗಿಯೇ ಇದೆ ಎಂದು ನನ್ನೊಡನೆ ಹೇಳಿದ್ದುಂಟು.

ಅರವತ್ತರ ಸಮೀಪದ, ಎತ್ತರದ ನಿಲುವಿನ ಹೆಂಗಸು. ಗಂಡ ದಾಸಪ್ಪನವರು ಮಾತು ಕಡಿಮೆಯ ಮನುಷ್ಯ. ಅವರೂ ಅವರ ತಮ್ಮನೂ ಹಿಂದೆ ಇಲ್ಲಿಯೇ ರಾಗಿ, ಅವರೆ ಬೆಳೆಯುತ್ತಿದ್ದರು. ಯಲಹಂಕ ಉಪನಗರ ಬೆಳೆದು ಊರಿನ ಬಾಗಿಲಿಗೆ ಬಂದು ನಿಂತಮೇಲೆ ಹೊಲವೆಲ್ಲ ಬಡಾವಣೆಯಾಯಿತು. ಭಾಗವಾದಾಗ ತಮ್ಮ ತನ್ನ ಪಾಲಿನ ಜಾಗದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿದ; ದಾಸಪ್ಪನವರು ಹಳೆಯ ಮನೆಯನ್ನೇ ಉಳಿಸಿಕೊಂಡು ಅದರ ಮೇಲೊಂದು ಅಂತಸ್ತು ಹಾಕಿಸಿದರು. ಅಲ್ಲಿ ಮಗ ಮತ್ತು ಸೊಸೆ ವನಿತಾ ಇದ್ದಾರೆ. ಇಡೀ ಮನೆಗೆ ಒಂದೇ ಮೀಟರು.

ಆ ಮನೆಯ ಕರೆಂಟಿನ ಆಡಳಿತವೆಲ್ಲ ಮುನಿಕೆಂಪಮ್ಮನವರದು. ಬೆಳಿಗ್ಗೆ ಗೀಸರ್ ಹಾಕಿ, ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿಯ ಕೊನೆಯ ಎಳೆ ಎಳೆದೊಡನೆ ಒಳಗೆ ಬಂದು ಆರಿಸುವರು. ಅವರ ಗಡಿಯಾರ ಅದು. ರಂಗೋಲಿ ಚಿಕ್ಕದಾದ ದಿನ ಸ್ನಾನದ ನೀರು ಉಗುರುಬೆಚ್ಚಗಿರುತ್ತಿತ್ತು. ಧನುರ್ಮಾಸದ ಚಳಿಯಲ್ಲಿ ವನಿತಾ, “ಅತ್ತೆ, ಇವತ್ತು ತೇರಿನ ರಂಗೋಲಿ ಹಾಕಿ” ಎಂದು ಬೇಡಿಕೊಳ್ಳುತ್ತಿದ್ದಳಂತೆ. ಫ್ರಿಜ್ಜನ್ನು ಗೋಡೆಯಿಂದ ಒಂದು ಗೇಣು ದೂರ ಎಳೆದು ನಿಲ್ಲಿಸಿದ್ದರು. ಸಾರು ಪೂರ್ತಿ ಆರದೆ ಅದರೊಳಗೆ ಹೋಗುವಂತಿರಲಿಲ್ಲ. ವಾರದ ಬಟ್ಟೆಗೆಲ್ಲ ಒಂದೇ ಸಲ ಇಸ್ತ್ರಿ. ರಿಮೋಟಿನಿಂದ ಟಿ.ವಿ. ಆರಿಸಿದರೆ ಸಾಲದು, ಗೋಡೆಯ ಸ್ವಿಚ್ಚನ್ನೂ ಆರಿಸಬೇಕು. ಆ ಕೆಂಪು ಚುಕ್ಕಿ ಯಾರಿಗಾಗಿ ಕಾಯ್ದು ಕುಳಿತಿದೆ ಎಂದು ಅವರು ಮಗನನ್ನು ಕೇಳುವರು. ಇಷ್ಟೆಲ್ಲ ಹಿಡಿತವಿದ್ದರೂ ಜಿಪುಣಿಯೆಂದು ಅವರನ್ನು ಯಾರೂ ಅನ್ನಲಾರರು. ಅವರೆಕಾಯಿಯ ಕಾಲದಲ್ಲಿ ಆ ಮನೆಯ ಹಿದುಕವರೆ ಸಾರು ಬೀದಿಯ ಅರ್ಧ ಮನೆಗಳಿಗೆ ಹೋಗುತ್ತದೆ.

ಈ ಸ್ವಭಾವ ತವರಿನಿಂದ ಬಂದದ್ದು. ಹೆಸರಘಟ್ಟದ ಆಚೆಯ ಒಂದು ಸಣ್ಣ ಹಳ್ಳಿ ಅವರದು. ಬಡವರ ಮನೆಗಳಿಗೆ ಸರ್ಕಾರ ಒಂದೊಂದೇ ಬಲ್ಬಿನ ಸಂಪರ್ಕ ಕೊಡುತ್ತಿದ್ದ ಕಾಲ. ಅವರ ತಂದೆ ಅಡುಗೆಮನೆಗೂ ನಡುಮನೆಗೂ ನಡುವಣ ಗೋಡೆಯಲ್ಲಿ ಒಂದು ಕಿಂಡಿ ಕೊರೆದು, ಆ ಕಿಂಡಿಯೊಳಗೆ ಬಲ್ಬನ್ನು ನೇತುಹಾಕಿದ್ದರು. ಈ ಕಡೆ ತಾಯಿ ಮುದ್ದೆ ತಿರುವುವಳು, ಆ ಕಡೆ ಮಕ್ಕಳು ಓದಿಕೊಳ್ಳುವರು. ಹಸು ಕರು ಹಾಕುವ ದಿನ ಬಲ್ಬು ಕೊಟ್ಟಿಗೆಗೆ ಹೋಗುತ್ತಿತ್ತು. ಮನೆಮಂದಿ ಕತ್ತಲಲ್ಲಿ ಉಣ್ಣುತ್ತಿದ್ದರು. ಇದನ್ನು ಹೇಳುವಾಗ ಮುನಿಕೆಂಪಮ್ಮನವರ ದನಿಯಲ್ಲಿ ಕಷ್ಟದ ನೆನಪಿರುವುದಿಲ್ಲ, ಒಂದು ಬಗೆಯ ಜಂಬವೇ ಇರುತ್ತದೆ.

ಇನ್ನು ಗುಡಿಯ ಮಾತು. ಅವರ ಮನೆಯ ಕಾಂಪೌಂಡಿಗೆ ಒತ್ತಿಕೊಂಡಂತೆ ಒಂದು ಅರಳಿ ಮರ, ಅದರ ಬುಡದಲ್ಲಿ ಒಂದು ಪುಟ್ಟ ಗುಡಿ, ಒಳಗೆ ಮುನೇಶ್ವರನ ಕಲ್ಲು. ಮುನಿಕೆಂಪಮ್ಮನವರ ತವರಿನವರೂ ಈ ದೇವರ ಒಕ್ಕಲೇ; ಅವರ ಹೆಸರಿನಲ್ಲಿ ಮುನಿ ಬಂದುದಕ್ಕೆ ಅದೇ ಕಾರಣ. ದಿನವೂ ಕಲ್ಲನ್ನು ತೊಳೆದು, ವಿಭೂತಿ ಹಚ್ಚಿ, ಹೂವಿಡುವ ಕೆಲಸ ಹಿಂದಿನಿಂದಲೂ ಆ ಮನೆಯ ಹೆಂಗಸರದು. ಅತ್ತೆ ವೆಂಕಟಲಕ್ಷ್ಮಮ್ಮನವರು ಹಾಸಿಗೆ ಹಿಡಿದಾಗ ಗುಡಿಯ ಬೀಗದ ಕೈಯನ್ನು ತಮ್ಮ ಸೊಂಟದಿಂದ ತೆಗೆದು, ಇನ್ನೊಬ್ಬ ಸೊಸೆ ಎದುರಿಗಿದ್ದರೂ ಮುನಿಕೆಂಪಮ್ಮನವರ ಸೊಂಟಕ್ಕೇ ಸಿಕ್ಕಿಸಿದ್ದರು. ಅಂದಿನಿಂದ ಆ ಬೀಗದ ಕೈ ಅವರ ಮೈ ಬಿಟ್ಟು ಹೋದುದಿಲ್ಲ.

ಅದೇ ಅತ್ತೆ ತಮ್ಮ ಕಾಲದಲ್ಲಿ ದೇವರಿಗೆ ದೀಪವಿರಲೆಂದು ಮನೆಯಿಂದ ಕಾಂಪೌಂಡಿನ ಮೇಲೆ ಒಂದು ತಂತಿ ಎಳೆಸಿ ಬಲ್ಬು ಹಾಕಿಸಿದ್ದರು. ಅದರ ಸ್ವಿಚ್ಚು ಇವರ ಜಗುಲಿಯ ಗೋಡೆಯಲ್ಲಿದೆ. ಮುಂದೆ ಬೀದಿಯ ಹುಡುಗರು ಸೇರಿ ಮುನೇಶ್ವರ ಗೆಳೆಯರ ಬಳಗ ಎಂದು ಮಾಡಿಕೊಂಡು ಗುಡಿಗೆ ಟೈಲ್ಸ್ ಹಾಕಿಸಿದರು, ಹಳೆಯ ಮರದ ಬಾಗಿಲಿಗೆ ಬದಲಾಗಿ ಕಬ್ಬಿಣದ ಬಾಗಿಲು ಮಾಡಿಸಿದರು; ಬೀಗ ಮಾತ್ರ ಹಳೆಯದೇ ಉಳಿಯಿತು. ಬಳಗದ ಅಧ್ಯಕ್ಷ ಮುನೇಶ್, ದಾಸಪ್ಪನವರ ತಮ್ಮನ ಮಗ. ನನ್ನ ಬಳಿ ಓದಿದವನು. ಒಳ್ಳೆಯ ಹುಡುಗ, ಸದ್ದು ಮಾತ್ರ ಸ್ವಲ್ಪ ಹೆಚ್ಚು.

ಸರ್ಕಾರ ಮನೆಗಳಿಗೆ ಉಚಿತ ವಿದ್ಯುತ್ತಿನ ಯೋಜನೆ ತಂದಾಗ ನಮ್ಮ ಬೀದಿಯಲ್ಲಿ ಮುನಿಕೆಂಪಮ್ಮನವರಷ್ಟು ಹಿಗ್ಗಿದವರು ಬೇರೆ ಯಾರೂ ಇರಲಿಲ್ಲ. ಬಿಲ್ಲಿನ ಚೀಟಿಯಲ್ಲಿ ಸೊನ್ನೆ ಬಂದರೆ ಪರೀಕ್ಷೆಯಲ್ಲಿ ಪೂರ್ತಿ ಅಂಕ ಬಂದಂತೆ ಅವರಿಗೆ. ಆದರೆ ತಿಂಗಳಿಗೆ ಇನ್ನೂರು ಯೂನಿಟ್ಟು ದಾಟಿದರೆ ರಿಯಾಯಿತಿ ಇಲ್ಲ, ಇಡೀ ಬಳಕೆಗೆ ದುಡ್ಡು ಕಟ್ಟಬೇಕು. ಈ ವರ್ಷ ಶಿವರಾತ್ರಿಯ ತಿಂಗಳಲ್ಲಿ ಅದು ದಾಟಿತು.

ಮುನಿಕೆಂಪಮ್ಮನವರಿಗೆ ಅದು ಅವಮಾನವೆನಿಸಿತು. ಮನೆಯಲ್ಲಿ ಕಟ್ಟುನಿಟ್ಟು ಬಿಗಿಯಾಯಿತು. ಮಿಕ್ಸಿ ಮೂಲೆ ಸೇರಿ ಒರಳುಕಲ್ಲು ಈಚೆಗೆ ಬಂದಿತು. ದಾಸಪ್ಪನವರು ತಣ್ಣೀರಿನಲ್ಲಿ ಸ್ನಾನ ಮಾಡಿ ನಡುಗುತ್ತ ಬಿಸಿಲಿಗೆ ಬಂದು ನಿಲ್ಲುವುದನ್ನು ನಾನು ಹಾಲು ತರಲು ಹೋಗುವಾಗ ನೋಡುತ್ತಿದ್ದೆ. ಸೊಸೆ ಮೊಬೈಲನ್ನು ಕಚೇರಿಯಲ್ಲಿ ಚಾರ್ಜ್ ಮಾಡಿಕೊಂಡು ಬರತೊಡಗಿದಳು. ಮುಂದಿನ ತಿಂಗಳೂ ಬಿಲ್ಲು ಮಿತಿ ದಾಟಿಯೇ ಬಂದಿತು. ಚೀಟಿ ಹಿಡಿದು ಅವರು ಸೊಸೆಯ ಕಡೆ ನೋಡಿದರು. ವನಿತಾ ಬಹಳ ವಿನಯದಿಂದಲೇ ಉತ್ತರ ಕೊಟ್ಟಳು.

“ಅತ್ತೆ, ಬೇಜಾರ್ ಮಾಡ್ಕೋಬೇಡಿ. ಒಳಗಡೆ ಆಫ್ ಮಾಡೋಕೆ ಇನ್ನೇನೂ ಉಳಿದಿಲ್ಲ. ಒಂದ್ಸಲ ಹೊರಗಡೆ ನೋಡ್ಬನ್ನಿ.”

ಊರವರ ಮನೆಯ ದೀಪಗಳನ್ನೆಲ್ಲ ಆರಿಸುತ್ತಿದ್ದ ಆಕೆ, ತಮ್ಮ ಮನೆಯಿಂದಲೇ ಹೊರಟ ಆ ಒಂದು ತಂತಿಯನ್ನು ಅಷ್ಟು ವರ್ಷ ನೋಡಿರಲಿಲ್ಲ. ನೋಡಿರಲಿಲ್ಲ ಎಂದರೆ, ಅದು ದೇವರಿಗೆ ಕೊಟ್ಟದ್ದು. ದೇವರಿಗೆ ಕೊಟ್ಟದ್ದನ್ನು ಮತ್ತೆ ಎಣಿಸುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಅವರು ದಿನವೂ ಬೆಳಿಗ್ಗೆ ತಲೆ ತಗ್ಗಿಸಿ ಗುಡಿಯೊಳಗೆ ಹೋಗಿ, ಕಲ್ಲು ತೊಳೆದು, ತಲೆ ತಗ್ಗಿಸಿಯೇ ಹೊರಗೆ ಬರುತ್ತಿದ್ದರು. ಅಂದು ಮಧ್ಯಾಹ್ನ ಮೊದಲ ಬಾರಿಗೆ ತಲೆಯೆತ್ತಿ ನೋಡಿದರು.

ಉರಿಬಿಸಿಲಿನಲ್ಲಿ ಗುಡಿಯ ಎರಡು ಟ್ಯೂಬ್‌ಲೈಟುಗಳು ಉರಿಯುತ್ತಿದ್ದವು. ಶಿವರಾತ್ರಿಗೆಂದು ಮರಕ್ಕೆ ಸುತ್ತಿದ ಸೀರಿಯಲ್ ಸೆಟ್ಟು ಬಿಚ್ಚುವವರಿಲ್ಲದೆ ಮಿನುಗುತ್ತಿತ್ತು. ಮೂಲೆಯಲ್ಲಿ ಗಂಟೆಯನ್ನೂ ನಗಾರಿಯನ್ನೂ ತಾನೇ ಬಾರಿಸುವ ಯಂತ್ರ, ಅದರ ಪಕ್ಕ ಹಾಡು ಹಾಕುವ ಪೆಟ್ಟಿಗೆ. ಮೇಲೆ ಕೆಂಪು ಅಕ್ಷರಗಳು ಓಡುವ ಫಲಕ. ಅದರಲ್ಲಿ ದೇವರ ಹೆಸರು ಒಮ್ಮೆ ಬಂದರೆ ಅಧ್ಯಕ್ಷರ ಹುಟ್ಟುಹಬ್ಬದ ಶುಭಾಶಯ ಎರಡು ಸಲ ಬರುತ್ತಿತ್ತು. ಹುಡುಗರ ಕೇರಂ ಬೋರ್ಡಿನ ಮೇಲೆ ಒಂದು ದೊಡ್ಡ ದೀಪ. ಇವೆಲ್ಲಕ್ಕಿಂತ ಹೆಚ್ಚಾಗಿ, ಸಂಜೆ ಮರದ ಆಚೆ ನಿಲ್ಲುವ ಗೋಬಿ ಮಂಚೂರಿ ಗಾಡಿಗೆಂದು ಒಂದು ತಂತಿ ಕೊಂಬೆಯಿಂದ ಇಳಿಬಿದ್ದಿತ್ತು. ಗಾಡಿಯವನು ಅದಕ್ಕೆ ಪ್ರತಿಯಾಗಿ ಬಳಗಕ್ಕೆ ಗೋಬಿ ಕೊಡುತ್ತಿದ್ದ.

ಮುನಿಕೆಂಪಮ್ಮನವರು ನೆಟ್ಟಗೆ ಮನೆಗೆ ಹಿಂದಿರುಗಿದರು. ಜಗುಲಿಗೆ ಬಂದು ಗುಡಿಯ ಸ್ವಿಚ್ಚನ್ನು ಆರಿಸಿದರು. ಸಂಜೆ ಹೋಗಿ ಎರಡು ಹಣತೆ ಹಚ್ಚಿ, ಕೈಗಂಟೆ ಬಾರಿಸಿ, ಮಂಗಳಾರತಿ ಮಾಡಿ ಬಂದು ಅಕ್ಕಿ ಆರಿಸುತ್ತ ಕುಳಿತರು. ಸ್ವಲ್ಪ ಹೊತ್ತಿನಲ್ಲಿಯೇ ಮುನೇಶ್ ಗೆಳೆಯನೊಬ್ಬನೊಡನೆ ಬಂದ. ಎದುರಿಗಿರುವ ನಮ್ಮ ಮನೆಯ ಮೆಟ್ಟಿಲಿನ ಮೇಲಿದ್ದ ನನಗೆ ಅವರ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

“ದೊಡ್ಡಮ್ಮ, ಫ್ಯೂಸ್ ಹೋಗಿದ್ಯಾ?”

“ಫ್ಯೂಸು ನೆಟ್ಟಗೈತೆ. ನಾನೇ ಆರ್ಸಿದ್ದು.”

“ದೇವ್ರಿಗೇ ಕತ್ತಲೆ ಮಾಡ್ಬಿಟ್ರಲ್ಲ.”

“ಎಲ್ಲೈತೆ ಕತ್ತಲೆ? ಎಣ್ಣೆ ದೀಪ ಉರೀತಾ ಐತೆ, ದೇವ್ರ ಮಖ ಚೆನ್ನಾಗಿ ಕಾಣ್ತೈತೆ. ಕಾಣ್ದೆ ಇರೋದು ನಿನ್ನೆಸ್ರು.”

ಹಿಂದೆ ನಿಂತಿದ್ದ ಗೆಳೆಯ ನಕ್ಕುದನ್ನು ಕೇಳಿ ಮುನೇಶ್ ಅವನ ತೋಳು ಹಿಡಿದು ಎಳೆದುಕೊಂಡು ಹೋದ. ಆದರೆ ವಿಷಯ ಅಲ್ಲಿಗೆ ಮುಗಿಯಲಿಲ್ಲ. ನಾಲ್ಕಾರು ದಿನ ಕಳೆದಮೇಲೆ ಅವನು ಬಳಗದ ಹುಡುಗರೊಡನೆ ಬಂದು, ಗುಡಿ ಈಗ ಮನೆಯದಲ್ಲ, ಬೀದಿಯದು, ಟೈಲ್ಸ್ ಹಾಕಿಸಿದವರು ನಾವು ಎಂದೆಲ್ಲ ಪೀಠಿಕೆ ಹಾಕಿ ಕೊನೆಗೆ ಬಾಯಿಬಿಟ್ಟ.

“ಕರೆಂಟ್ ಕೊಡಕ್ಕಾಗಲ್ಲ ಅಂದ್ರೆ ಬೀಗದ ಕೈ ಕೊಟ್ಬಿಡಿ ದೊಡ್ಡಮ್ಮ. ಪೂಜೆಗೆ ನಾವೇ ಒಬ್ಬ ಪೂಜಾರಿ ಇಟ್ಕೋತೀವಿ.”

ಮುನಿಕೆಂಪಮ್ಮನವರ ಕೈ ಸೊಂಟಕ್ಕೆ ಹೋಯಿತು. ಬೀಗದ ಕೈ ಕೊಡುವುದಕ್ಕಲ್ಲ, ಅದು ಅಲ್ಲಿಯೇ ಇದೆಯೇ ಎಂದು ನೋಡಿಕೊಳ್ಳುವುದಕ್ಕೆ. ಕರೆಂಟನ್ನೂ ಕೊಡುವುದಿಲ್ಲ, ಬೀಗದ ಕೈಯನ್ನೂ ಕೊಡುವುದಿಲ್ಲ, ಬೇಕಾದವರು ಬೀಗ ಒಡೆದುಕೊಳ್ಳಬಹುದು ಎಂದು ಹೇಳಿ ಒಳಗೆ ಹೋದರು. ಬೀಗ ಒಡೆಯುವ ಧೈರ್ಯ ಯಾರಿಗೂ ಇರಲಿಲ್ಲ. ಮುನೇಶ್ವರ ಸಿಟ್ಟಿನ ದೇವರೆಂದು ಎಲ್ಲರೂ ಬಲ್ಲರು.

ಆದರೂ ಆಕೆಗೆ ಆ ದಿನಗಳು ಸುಲಭವಾಗಿರಲಿಲ್ಲ. ಬೀಗದ ಕೈ ಹೋದರೆ ಬೆಳಗಿನ ಆ ಕೆಲಸ ಹೋಯಿತು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಜ್ವರ ಬಂದಾಗಲೂ ಅವರು ಅದನ್ನು ಬಿಟ್ಟವರಲ್ಲ. ನಲ್ಲಿಯ ಬಳಿ, ಅಂಗಡಿಯ ಬಳಿ ಮಾತುಗಳೆದ್ದವು. ಸೊನ್ನೆ ಬಿಲ್ಲಿನ ಆಸೆಗೆ ದೇವರ ದೀಪ ಕಿತ್ತ ಹೆಂಗಸು ಎಂದರು ಕೆಲವರು. ದಾಸಪ್ಪನವರ ಕಾಲು ಮೆಟ್ಟಿಲಿನಲ್ಲಿ ಉಳುಕಿದಾಗ ಅದು ದೇವರು ತೋರಿಸಿದ ಗುರುತೇ ಆಯಿತು. ದಾಸಪ್ಪನವರಿಗೂ ಅಳುಕು ಹುಟ್ಟಿತು. ಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತ, ಬಿಟ್ಟುಬಿಡು ಕೆಂಪಿ, ದೇವರ ವಿಷಯ, ಎಂದು ಮೆಲ್ಲನೆ ಹೇಳಿದರಂತೆ.

“ದೇವ್ರ ವಿಷ್ಯ ಆಗಿದ್ರೆ ಬಿಡ್ತಿದ್ದೆ” ಎಂದರಂತೆ ಆಕೆ. “ಇದು ಗೋಬಿ ವಿಷ್ಯ.”

ಕಡೆಗೆ ಒಂದು ಭಾನುವಾರ ಬೆಳಿಗ್ಗೆ ಅರಳಿ ಕಟ್ಟೆಯಲ್ಲಿ ಸಭೆ ಸೇರಿತು. ನಡುವೆ ಕುರ್ಚಿಯಲ್ಲಿ ಚಿಕ್ಕಹನುಮಯ್ಯನವರು ಕುಳಿತರು. ಊರಿನ ಹಿರಿಯರು, ಈಗ ಅವರಿಗೆ ನಾಲ್ಕು ಕಟ್ಟಡಗಳಿವೆ. ಪಕ್ಕದಲ್ಲಿ ಬಳಗದ ಖಜಾಂಚಿ ಬಾಲರಾಜು. ನನ್ನನ್ನೂ ಕರೆದಿದ್ದರು. ದಾಸಪ್ಪನವರು ಉಳುಕಿದ ಕಾಲನ್ನು ಚಾಚಿಕೊಂಡು ಕಟ್ಟೆಯ ತುದಿಯಲ್ಲಿದ್ದರು. ಮುನಿಕೆಂಪಮ್ಮನವರು ಆಗತಾನೆ ಪೂಜೆ ಮುಗಿಸಿ, ಒದ್ದೆ ಸೆರಗಿನಲ್ಲಿಯೇ ಗುಡಿಯ ಬಾಗಿಲಿಗೆ ಅಡ್ಡವಾಗಿ ನಿಂತಿದ್ದರು. ಕುಳಿತುಕೊಳ್ಳಿ ಎಂದರೆ ಕುಳಿತುಕೊಳ್ಳಲಿಲ್ಲ.

“ಏನ್ ಕೆಂಪಮ್ಮ, ನಿಮ್ಮತ್ತೆ ಕೊಟ್ಟ ಕರೆಂಟ್ನ ನೀನು ಕಿತ್ತಾಕ್ದ್ಯಂತೆ?” ಎಂದು ಚಿಕ್ಕಹನುಮಯ್ಯನವರು ಕೇಳಿದರು.

“ನಮ್ಮತ್ತೆ ಕೊಟ್ಟಿದ್ದು ಒಂದ್ ಬಲ್ಬಿಗೆ ಕಣಣ್ಣ. ಆ ಬಲ್ಬು ಎಲ್ಲೈತೆ ತೋರ್ಸಿ, ಈಗ್ಲೇ ಕೊಡ್ತೀನಿ.”

ಎಲ್ಲರೂ ಮೇಲೆ ನೋಡಿದೆವು. ಹಳೆಯ ಹೋಲ್ಡರಿತ್ತು, ಅದರಲ್ಲಿ ಬಲ್ಬಿರಲಿಲ್ಲ. ಬಲ್ಬಿನ ಜಾಗದಲ್ಲಿ ಒಂದು ಪ್ಲಗ್ಗು, ಅದರಿಂದ ಇನ್ನೊಂದು, ಅದರಿಂದ ಬಿಳಲುಗಳಂತೆ ತಂತಿಗಳು ಇಳಿಬಿದ್ದಿದ್ದವು. ಚಿಕ್ಕಹನುಮಯ್ಯನವರು ಕನ್ನಡಕ ಸರಿಪಡಿಸಿಕೊಂಡರು. ಗೋಬಿ ಗಾಡಿಯ ತಂತಿಯನ್ನು ಕಂಡು ಇದು ಯಾವ ದೇವರಿಗೆ ಹೋಗುತ್ತದೆಯೆಂದು ಅವರು ಕೇಳಿದಾಗ ಸಭೆ ನಕ್ಕಿತು. ಮುನೇಶ್ ಮಾತ್ರ ನಗಲಿಲ್ಲ. ಇಷ್ಟು ದೊಡ್ಡ ಬೀದಿಯ ದೇವರು ಎರಡು ಹಣತೆಯಲ್ಲಿ ಇರಬೇಕೇ, ಪಕ್ಕದ ಬಡಾವಣೆಯವರ ಎದುರಿಗೆ ನಮ್ಮ ಮರ್ಯಾದೆ ಏನಾಗಬೇಕು ಎಂದು ಅವನು ಒಂದು ಭಾಷಣವನ್ನೇ ಮಾಡಿದ. ಮುನಿಕೆಂಪಮ್ಮನವರು ಪೂರ್ತಿ ಕೇಳಿದರು.

“ಸರಿ ಕಣಪ್ಪ. ದೇವ್ರಿಗೇ ಅಂತ ಒಂದ್ ಮೀಟ್ರು ಹಾಕ್ಸಿ. ನನ್ ಗೋಡೇಲೇ ಜಾಗ ಕೊಡ್ತೀನಿ.”

ಇಷ್ಟು ಸುಲಭವಾದ ಪರಿಹಾರ ಇಷ್ಟು ದಿನ ಯಾರಿಗೂ ಹೊಳೆದಿರಲಿಲ್ಲವಲ್ಲ ಎಂದು ಸಭೆಗೆ ಸಂತೋಷವಾಯಿತು. ಮುನೇಶನ ಗೆಳೆಯರು ಆಗಲೇ ಇನ್ನೂ ಎರಡು ದೊಡ್ಡ ದೀಪಗಳ ಮಾತೆತ್ತಿದರು. ಆಗ ವಿದ್ಯುತ್ ಕಚೇರಿಯ ವ್ಯವಹಾರ ತಿಳಿದಿದ್ದ ಬಾಲರಾಜು ಒಂದು ಪ್ರಶ್ನೆ ಕೇಳಿದ.

“ಮೀಟ್ರು ಯಾರ ಹೆಸ್ರಿಗೆ?”

ಬಳಗ ಎಲ್ಲಿಯೂ ನೋಂದಣಿಯಾಗಿರಲಿಲ್ಲ. ಅದರ ಹೆಸರಿಗೆ ಮೀಟರು ಬರುವಂತಿರಲಿಲ್ಲ. ಯಾರಾದರೊಬ್ಬರು ತಮ್ಮ ಹೆಸರನ್ನೂ ಮನೆಯ ಖಾತೆ ಪತ್ರವನ್ನೂ ಕೊಡಬೇಕು. ತಿಂಗಳು ತಿಂಗಳೂ ಬಿಲ್ಲು ಅವರ ಹೆಸರಿಗೇ ಬರುವುದು. ಕಟ್ಟದಿದ್ದರೆ ಕೇಳುವುದೂ ಅವರನ್ನೇ. ಮನೆಗಳಿಗಿರುವ ಉಚಿತ ಯೋಜನೆ ಗುಡಿಗಿಲ್ಲ.

ಮುನೇಶ್ ತನ್ನ ಮನೆ ಅಪ್ಪನ ಹೆಸರಿನಲ್ಲಿದೆ, ಅಪ್ಪನನ್ನು ಕೇಳಬೇಕು ಎಂದ. ಅಪ್ಪ ಅಲ್ಲಿಯೇ ಇದ್ದರು. ಅವರು ಮರದ ಕೊಂಬೆಗಳನ್ನು ನೋಡತೊಡಗಿದರು. ಬಾಲರಾಜುವಿನ ಖಾತೆಯಲ್ಲಿ ಏನೋ ತಕರಾರಿತ್ತು. ಚಿಕ್ಕಹನುಮಯ್ಯನವರು ತಮ್ಮ ಬಾಡಿಗೆದಾರರ ಮೀಟರುಗಳ ಗೋಳನ್ನೇ ಹೇಳಿಕೊಂಡರು. ಆಮೇಲೆ ಯಾರೋ, ಬಿಲ್ಲು ಎಷ್ಟು ಬರಬಹುದು ಎಂದು ಕೇಳಿದರು. ಅಲ್ಲಿಂದ ಮುಂದಿನದು ನೋಡುವಂತಿತ್ತು. ಸೀರಿಯಲ್ ಸೆಟ್ಟು ಹಬ್ಬಕ್ಕೆ ಮಾತ್ರ ಸಾಕು ಎಂದ ಒಬ್ಬ. ನಗಾರಿ ಯಂತ್ರದಿಂದ ಮಕ್ಕಳ ಓದಿಗೆ ತೊಂದರೆಯೆಂದು ಇನ್ನೊಬ್ಬನಿಗೆ ಆಗ ನೆನಪಾಯಿತು. ಎರಡು ಟ್ಯೂಬ್‌ಲೈಟು ಒಂದಾಯಿತು, ಆ ಒಂದೂ ಸಣ್ಣ ಬಲ್ಬಾಯಿತು. ಕೇರಂ ಹಗಲಲ್ಲಿ ಆಡಿದರೆ ಕಣ್ಣಿಗೆ ಒಳ್ಳೆಯದಂತೆ. ಓಡುವ ಅಕ್ಷರದ ಫಲಕವನ್ನು ಮುನೇಶ್ ತಾನೇ ಹತ್ತಿ ಬಿಚ್ಚಿದ.

ಮುನಿಕೆಂಪಮ್ಮನವರು ಬಾಗಿಲಿನ ಕಂಬಿಗೆ ಒರಗಿ ಎಲ್ಲವನ್ನೂ ನೋಡುತ್ತಿದ್ದರು.

“ನನ್ ಮೀಟ್ರಲ್ಲಿ ಓಡ್ತಿದ್ದಾಗ ಇವೆಲ್ಲ ದೇವ್ರಿಗೆ ಬೇಕಾಗಿತ್ತು. ಒಂದ್ ಗಳಿಗೇಲಿ ಬೇಡ್ವಾಗೋದ್ವು” ಎಂದರು.

ಉಳಿದದ್ದು ಒಂದೇ ಬಲ್ಬು. ಆ ಒಂದು ಬಲ್ಬಿಗೂ ಹೆಸರು ಕೊಡುವವರು ಮುಂದೆ ಬರಲಿಲ್ಲ. ಇಂದು ಒಂದು ಬಲ್ಬು, ನಾಳೆ ಮತ್ತೆ ಯಾರು ಏನು ಸಿಕ್ಕಿಸುತ್ತಾರೋ ಎಂಬ ಭಯ ಎಲ್ಲರಿಗೂ ಇತ್ತು. ಬೇರೆಯವರ ಮೀಟರಿಗೆ ಹೇಗೆ ಸಿಕ್ಕಿಸುತ್ತಾರೆಂಬುದನ್ನು ಆ ಸಭೆಯವರಿಗಿಂತ ಚೆನ್ನಾಗಿ ಬಲ್ಲವರಾದರೂ ಯಾರು?

“ನನ್ನೆಸ್ರು ಬರ್ಕೊಳ್ಳಿ” ಎಂದರು ಮುನಿಕೆಂಪಮ್ಮನವರು.

ಬಾಲರಾಜು ತಡವರಿಸಿದ. ಮನೆಯ ಖಾತೆ ದಾಸಪ್ಪನವರ ಹೆಸರಿನಲ್ಲಿದೆ, ಅವರ ಒಪ್ಪಿಗೆ ಬೇಕು ಎಂದ. ಎಲ್ಲರ ಮುಖವೂ ಕಟ್ಟೆಯ ತುದಿಗೆ ತಿರುಗಿತು. ದಾಸಪ್ಪನವರು ಸಭೆಯಲ್ಲಿ ಮಾತನಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅವರು ಕಾಲನ್ನು ಎರಡು ಕೈಗಳಿಂದ ಹಿಡಿದು ಕೆಳಗಿಳಿಸಿ, ಎದ್ದು ನಿಂತರು.

“ಸಹಿ ಎಲ್ಲಾಕ್ಬೇಕೋ ಏಳಪ್ಪ, ಆಕ್ತೀನಿ. ಮೀಟ್ರು ಅವಳೆಸ್ರಿಗೇ ಬರ್ಲಿ.”

ಮುನಿಕೆಂಪಮ್ಮನವರು ಒಂದು ಕ್ಷಣ ಗಂಡನ ಕಡೆ ನೋಡಿ, ಆಮೇಲೆ ಸಭೆಯ ಕಡೆ ತಿರುಗಿದರು.

“ಒಂದ್ ಮಾತು. ಮೀಟ್ರು ನನ್ನೆಸ್ರಲ್ಲಿದ್ರೆ ಸ್ವಿಚ್ಚೂ ನಂದೇ, ಬೀಗದ ಕೈಯೂ ನಂದೇ. ಆಗಲ್ಲ ಅನ್ನೋರು ಈಗ್ಲೇ ನಿಮ್ಮೆಸ್ರು ಕೊಡಿ. ಬೀಗದ ಕೈ ಬಿಚ್ಚಿ ಕೊಡ್ತೀನಿ.”

ಹೀಗೆಂದು ನಿಜವಾಗಿಯೂ ಸೊಂಟದಿಂದ ಬೀಗದ ಕೈ ತೆಗೆದು ಅಂಗೈಯಲ್ಲಿಟ್ಟು ಕೈ ಚಾಚಿದರು. ಅದರ ಕಡೆಗೆ ಒಂದು ಕೈಯೂ ಬರಲಿಲ್ಲ. ಮುನೇಶ್ ಬಿಚ್ಚಿದ ಫಲಕವನ್ನು ಕಂಕುಳಲ್ಲಿ ಹಿಡಿದು ನೆಲ ನೋಡುತ್ತಿದ್ದ. ಚಿಕ್ಕಹನುಮಯ್ಯನವರು ಎದ್ದು, ಹಾಗೆಯೇ ಆಗಲಿ ಎಂದು ಪಂಚೆ ಕೊಡವಿಕೊಂಡರು.

ಈಗ ಗುಡಿಯ ಪಕ್ಕದ ಗೋಡೆಯಲ್ಲಿ ಒಂದು ಚಿಕ್ಕ ಮೀಟರಿದೆ. ಅದರ ಬಿಲ್ಲು ಶ್ರೀಮತಿ ಮುನಿಕೆಂಪಮ್ಮ ಎಂಬ ಹೆಸರಿಗೆ ಬರುತ್ತದೆ; ಮಂಗಳಾರತಿ ತಟ್ಟೆಗೆ ಬೀಳುವ ಕಾಸಿನಲ್ಲಿಯೇ ಅದು ಮುಗಿಯುತ್ತದೆ. ಗೋಬಿ ಗಾಡಿಯವನು ಒಂದು ಬ್ಯಾಟರಿ ಇಟ್ಟುಕೊಂಡಿದ್ದಾನೆ. ಓಡುವ ಫಲಕ ಕೆಲವು ದಿನ ಮುನೇಶನ ಮನೆಯ ಗೇಟಿನ ಮೇಲಿತ್ತು. ತಮ್ಮ ಮನೆಯ ಬಿಲ್ಲು ನೋಡಿದ ಅವನ ಅಪ್ಪ ಅದನ್ನು ಬಿಚ್ಚಿಸಿದರು. ಮುನಿಕೆಂಪಮ್ಮನವರ ಮನೆಯ ಚೀಟಿಗೆ ಸೊನ್ನೆ ಮರಳಿ ಬಂದಿದೆ. ವನಿತಾ ಮಿಕ್ಸಿಯನ್ನು ಕೇಳಿ ಪಡೆದುಕೊಂಡಿದ್ದಾಳೆ.

ಮೊನ್ನೆ ಮುನೇಶ್ ಹೊಸ ಕಾರು ಕೊಂಡ. ಹೂವಿನ ಹಾರ, ನಿಂಬೆಹಣ್ಣು, ಗೆಳೆಯರು ಎಲ್ಲರನ್ನೂ ತುಂಬಿಕೊಂಡು ಮಧ್ಯಾಹ್ನದ ಹೊತ್ತಿಗೆ ಗುಡಿಯ ಮುಂದೆ ತಂದು ನಿಲ್ಲಿಸಿ, ಜಗುಲಿಗೆ ಬಂದು ನಿಂತ. ಮುನಿಕೆಂಪಮ್ಮನವರು ಊಟಕ್ಕೆ ಕುಳಿತಿದ್ದರು. ಊಟದ ಮಧ್ಯೆ ಎಬ್ಬಿಸುವುದು ಬೇಡವೆಂದೋ, ಒಳಗಿನ ಹಳೆಯ ಆಸೆಯಿಂದಲೋ, ಬಹಳ ನಯವಾಗಿ ಕೇಳಿದ.

“ದೊಡ್ಡಮ್ಮ, ನೀವು ಊಟ ಮಾಡಿ. ಬೀಗದ ಕೈ ಕೊಟ್ರೆ ನಾವೇ ತೆಗ್ದು ಪೂಜೆ ಮಾಡ್ಕೊಂಡ್ ಹೋಗ್ತೀವಿ.”

“ಕಾಲ್ ತೊಳ್ಕೊಂಡ್ ನಿಂತ್ಕೊಳ್ರಪ್ಪ. ನಾನ್ ಬಂದು ತೆಗೀತೀನಿ.”

ಮುದ್ದೆ ಮುಗಿಯಿತು. ಅನ್ನಕ್ಕೆ ಸಾರು ಬಡಿಸಿಕೊಂಡರು. ಮಜ್ಜಿಗೆಗೆ ಉಪ್ಪು ಕದಡಿ ನಿಧಾನವಾಗಿ ಕುಡಿದರು. ಹೊಸ ಕಾರೂ ಅದರ ಒಡೆಯನೂ ಬಿಸಿಲಿನಲ್ಲಿ ಕಾಯುತ್ತಿದ್ದರು.